ಆಫೀಸ್ ಟೆನ್ಷನ್‌ಗೆ ಕೌನ್ಸೆಲರ್ ಹತ್ರ ಹೋಗೋದು ಹೇಗೆ? ರಿಸೈನ್ ಮಾಡೋ ಮುಂಚೆ ಇದನ್ನ ಒಂದ್ಸಲ ಓದಿ

ಭಾನುವಾರ ಸಂಜೆ ಆರು ಗಂಟೆ ಆಗ್ತಿದ್ದ ಹಾಗೆ ಹೊಟ್ಟೆ ತೊಳಸೋಕೆ ಶುರುವಾಗತ್ತಾ ನಿಮಗೆ? ನನಗೆ ಸುಮಾರು ಒಂದೂವರೆ ವರ್ಷ ಹಾಗೇ ಆಗ್ತಿತ್ತು. ನಾನು ಅಕೌಂಟ್ಸ್‌ನಲ್ಲಿ ಕೆಲಸ ಮಾಡೋಳು, 11ನೇ ತಾರೀಖು ಜಿಎಸ್‌ಟಿಆರ್-1, 20ಕ್ಕೆ 3ಬಿ ಅಂತ ಜಿಎಸ್‌ಟಿ ರಿಟರ್ನ್ ಕಳಿಸೋ ಗಡುವು, ಇದು ಹನ್ನೆರಡು ತಿಂಗಳೂ ಇರೋದೇ, ಅದಕ್ಕೆ ನಾನು ಯಾವತ್ತೂ ಹೆದರಿದೋಳಲ್ಲ. ಆದ್ರೆ ಮ್ಯಾನೇಜರ್ ಬದಲಾದ ಮೇಲೆ ಬೇಸ್‌ಮೆಂಟಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೀದೆ ಹತ್ತು ನಿಮಿಷ ಹಾಗೇ ಕೂತಿರ್ತಿದ್ದೆ, ಉಸಿರಿಗೆ ಹೆಲ್ಮೆಟ್ ಗ್ಲಾಸೆಲ್ಲಾ ಮಬ್ಬಾಗಿ ಲಿಫ್ಟೇ ಕಾಣಿಸ್ತಿರ್ಲಿಲ್ಲ, ಸೆಕ್ಯುರಿಟಿ ಅಣ್ಣ ಬಂದು ಮೇಡಂ ಹುಷಾರಿದೀರಾ ಅಂತ ಕೇಳಿದಾಗ ಹೂಂ ಅಂತ ಹೇಳಿ ಎದ್ದು ಹೋಗ್ತಿದ್ದೆ.

ರಿಸೈನ್ ಲೆಟರ್ ಮೂರು ಸಲ ಟೈಪ್ ಮಾಡಿ ಡ್ರಾಫ್ಟಲ್ಲಿ ಇಟ್ಟಿದ್ದೆ. ಮನೆ ಬಾಡಿಗೆ, ಚೀಟಿ ದುಡ್ಡು, ಮಗಳ ಸ್ಕೂಲ್ ಫೀಸು ಎಲ್ಲಾ ತಲೇಲಿ ಬಂದು ಕಳಿಸೋಕೂ ಆಗ್ತಿರ್ಲಿಲ್ಲ. ನಮ್ಮ ಆಫೀಸಲ್ಲೇ ಇದ್ದ ಒಬ್ಬ ಅಕ್ಕ, ಊಟದ ಟೈಮಲ್ಲಿ ನನ್ನ ಡಬ್ಬಿ ಹಾಗೇ ವಾಪಸ್ ಹೋಗೋದನ್ನ ನೋಡಿ ನೋಡಿ, ಕೆಲಸ ಬಿಡೋದಾದ್ರೆ ಬಿಡು ಆದ್ರೆ ಅದಕ್ಕೂ ಮುಂಚೆ ಒಬ್ಬ ಕೌನ್ಸೆಲರ್ ಹತ್ರ ಮಾತಾಡು ಅಂದ್ರು. ಹೋದೆ. ನನ್ನ ಮನಸ್ಸಿನ ದಣಿವು ಎಷ್ಟು, ಆಫೀಸಿನ ತಪ್ಪು ಎಷ್ಟು ಅಂತ ಬಿಡಿಸಿ ನೋಡೋಕೆ ಅಲ್ಲಿ ಬಂತು. ಎರಡೂ ಸಿಕ್ಕು ಬಿದ್ದ ದಾರದ ಹಾಗೆ ಇದ್ದಾಗ ಏನು ನಿರ್ಧಾರ ತಗೊಂಡ್ರೂ ಆಮೇಲೆ ಪಶ್ಚಾತ್ತಾಪ ಆಗೋ ಚಾನ್ಸ್ ಜಾಸ್ತಿ, ಅದಕ್ಕೇ ಇದನ್ನ ಬರೀತಿದೀನಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಸಾಯ್ಬೇಕು ಅಂತ ಅನ್ನಿಸ್ತಿದ್ರೆ ಈ ಸ್ಟೆಪ್ಪು ಗಿಪ್ಪು ಯಾವುದೂ ಬೇಡ, ಈಗಲೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ ಮನೇಲಿ ಯಾರಾದ್ರೂ ಇದ್ರೆ ಅವರನ್ನ ಕರ್ಕೊಂಡು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬೆಂಗಳೂರಲ್ಲಿದ್ರೆ ನಿಮ್ಹಾನ್ಸ್ ಎಮರ್ಜೆನ್ಸಿ ರಾತ್ರಿ ಹಗಲೂ ತೆರೆದಿರತ್ತೆ. ಪೊಲೀಸ್ ಕೇಸ್ ಆಗತ್ತೇನೋ ಅಂತ ಹೆದರ್ಕೋಬೇಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪ್ರಯತ್ನ ಮಾಡಿದೋರು ತೀವ್ರ ಒತ್ತಡದಲ್ಲಿದ್ರು ಅಂತಲೇ ಕಾನೂನು ನೋಡತ್ತೆ, ಶಿಕ್ಷೆಯ ಬದಲು ಆರೈಕೆ ಕೊಡ್ಬೇಕು ಅನ್ನತ್ತೆ.

ಮೊದಲು ಒಂದು ವಾರ ಬರೆದಿಡಿ

ಅಪಾಯಿಂಟ್‌ಮೆಂಟ್ ತಗೊಳ್ಳೋ ಮುಂಚೆ ಒಂದು ಚಿಕ್ಕ ನೋಟ್‌ಬುಕ್ ಇಟ್ಕೊಳ್ಳಿ. ದಿನಾ ರಾತ್ರಿ ಐದು ನಿಮಿಷ ಸಾಕು. ಎಷ್ಟು ಗಂಟೆಗೆ ಕಷ್ಟ ಆಯ್ತು, ಅದಕ್ಕೆ ಸ್ವಲ್ಪ ಮುಂಚೆ ಏನು ನಡೀತು, ಮೈಯಲ್ಲಿ ಏನಾಯ್ತು, ನೀವು ಏನು ಮಾಡಿದ್ರಿ, ರಾತ್ರಿ ನಿದ್ದೆ ಎಷ್ಟು ಗಂಟೆ. ಇಷ್ಟೇ. ಆಫೀಸ್ ಲ್ಯಾಪ್‌ಟಾಪಲ್ಲಿ, ಆಫೀಸ್ ಮೇಲಲ್ಲಿ ಮಾತ್ರ ಬರೀಬೇಡಿ, ಅದನ್ನ ಕಂಪನಿ ನೋಡಬಹುದು. ಪೇಪರ್ರೇ ಒಳ್ಳೇದು.

ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದುಗಡೆ ಬರೆದಿದ್ದೆ. ಕೆಲಸ ಜಾಸ್ತಿ ಆಗಿದ್ದಕ್ಕೇ ಹೀಗಾಗ್ತಿದೆ ಅಂತ ನಾನು ನಂಬಿದ್ದೆ, ಆದ್ರೆ ಒಂದು ವಾರದ್ದು ಓದಿ ನೋಡಿದ್ರೆ 20ನೇ ತಾರೀಖು ರಾತ್ರಿ ಒಂಬತ್ತರ ತನಕ ಕೂತಿದ್ದ ದಿನ ನಾನು ಚೆನ್ನಾಗೇ ಇದ್ದೆ, ಊಟನೂ ಮಾಡಿದ್ದೆ! ಕಷ್ಟ ಆಗಿದ್ದ ದಿನ ಎಲ್ಲಾ ಬೆಳಿಗ್ಗೆ ಹತ್ತು ಗಂಟೆ ಮೀಟಿಂಗ್ ಇದ್ದ ದಿನಗಳು. ಅಲ್ಲಿ ಹೊಸ ಮ್ಯಾನೇಜರ್ ಎಲ್ರ ಮುಂದೆ ಹೆಸರು ಹಿಡಿದು ಬೈತಿದ್ರು. ಹದಿನಾಲ್ಕು ಜನರ ಮುಂದೆ, ಅದ್ರಲ್ಲಿ ನಾನೇ ಕೆಲಸ ಕಲಿಸಿದ ಹುಡುಗ್ರೂ ಇರ್ತಿದ್ರು. ನನ್ನ ಕಷ್ಟಕ್ಕೆ ಹೆಸರು ಸಿಕ್ಕಿದ್ದೇ ಆ ಪುಸ್ತಕದಿಂದ.

ಬರ್ನ್‌ಔಟ್ ಅನ್ನೋ ಪದ ಕೇಳಿರ್ತೀರಾ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನ ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಗುರುತಿಸಿದೆ, ಕಾಯಿಲೆ ಅಂತ ಸೇರಿಸಿಲ್ಲ. ಮೂರು ಗುರುತು ಹೇಳ್ತಾರೆ: ಶಕ್ತಿ ಎಲ್ಲಾ ಬಸಿದು ಹೋದ ಹಾಗೆ ಇರೋದು, ಕೆಲಸದ ಮೇಲೆ ಮನಸ್ಸು ಹಳಸಿ ದೂರ ಆಗೋದು, ಎಷ್ಟು ಮಾಡಿದ್ರೂ ನನ್ನ ಕೈಲಿ ಏನೂ ಆಗ್ತಿಲ್ಲ ಅನ್ನಿಸೋದು. ಇದು ಆಫೀಸ್ ವಿಷಯದಲ್ಲಿ ಮಾತ್ರ ಇದೆಯಾ ಅಥವಾ ಮಗು ಜೊತೆ ಆಡೋಕೂ, ಇಷ್ಟದ ಅಡುಗೆ ಮಾಡೋಕೂ ಮನಸ್ಸು ಬರ್ತಿಲ್ವಾ ಅಂತ ನೋಡ್ಕೊಳ್ಳಿ. ಎಲ್ಲಾದ್ರಲ್ಲೂ ಹಾಗೇ ಆಗಿ ಎರಡು ವಾರಕ್ಕಿಂತ ಜಾಸ್ತಿ ಆಗಿದ್ರೆ ಡಿಪ್ರೆಷನ್ ಇರಬಹುದು, ಆಗ ತಡ ಮಾಡ್ದೆ ಡಾಕ್ಟರ್‌ಗೆ ತೋರಿಸಿ.

ಯಾರು ಯಾರು ಅಂತ ಗೊತ್ತಿರ್ಲಿ

ಇಲ್ಲಿ ತುಂಬಾ ಜನ ಗೊಂದಲ ಮಾಡ್ಕೋತಾರೆ. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್, ಮಾತ್ರೆ ಬರೆದು ಕೊಡೋರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಥೆರಪಿ, ಟೆಸ್ಟಿಂಗ್ ಮಾಡ್ತಾರೆ, ಇವರು ಭಾರತೀಯ ಪುನರ್ವಸತಿ ಪರಿಷತ್ತು ಅಂದ್ರೆ ಆರ್‌ಸಿಐ ರಿಜಿಸ್ಟರ್‌ನಲ್ಲಿ ಇರ್ಬೇಕು, ನಂಬರ್ ಕೇಳಿ ವೆಬ್‌ಸೈಟಲ್ಲಿ ನೋಡ್ಕೋಬಹುದು. ಕೌನ್ಸೆಲಿಂಗ್ ಸೈಕಾಲಜಿಸ್ಟ್‌ಗಳಿಗೆ ಆ ನಂಬರ್ ಇರಲೇಬೇಕು ಅಂತಿಲ್ಲ, ಆದ್ರೆ ಸೈಕಾಲಜಿಯಲ್ಲಿ ಎಂಎಸ್ಸಿನೋ ಎಂಎನೋ ಆಗಿರ್ಬೇಕು. ವೀಕೆಂಡ್ ಕೋರ್ಸ್ ಮಾಡಿ ಲೈಫ್ ಕೋಚ್ ಅಂತ ಬೋರ್ಡ್ ಹಾಕ್ಕೊಂಡೋರ ಹತ್ರ ದಯವಿಟ್ಟು ಹೋಗ್ಬೇಡಿ, ಅವರು ಒಳ್ಳೆಯವರೇ ಇರಬಹುದು ಆದ್ರೆ ನಿಮಗೆ ಡಿಪ್ರೆಷನ್ ಇದ್ರೆ ಅದನ್ನ ಗುರುತಿಸೋ ಟ್ರೈನಿಂಗ್ ಅವರಿಗೆ ಇರಲ್ಲ.

ನೀವು ಏನು ಓದಿದೀರಾ, ಆಫೀಸ್ ಸಮಸ್ಯೆ ಇರೋರ ಜೊತೆ ಕೆಲಸ ಮಾಡಿದೀರಾ, ಫೀಸ್ ಎಷ್ಟು, ಕ್ಯಾನ್ಸಲ್ ಮಾಡಿದ್ರೆ ದುಡ್ಡು ಹೋಗತ್ತಾ, ಈ ನಾಲ್ಕು ಪ್ರಶ್ನೆ ಫೋನಲ್ಲೇ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡ್ಕೊಂಡ್ರೆ ಬೇರೆಯವರನ್ನ ನೋಡಿ.

ಎಲ್ಲಿ ಹೋಗೋದು, ದುಡ್ಡಿಲ್ಲದಿದ್ರೆ ಏನು ಮಾಡೋದು

ಎಲ್ಲಕ್ಕಿಂತ ಸುಲಭ ಟೆಲಿ ಮಾನಸ್. 14416 ಅಥವಾ 1800-891-4416. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ಕ್ಕೆ ಶುರುವಾಯ್ತು, ಇದಕ್ಕೆ ನಮ್ಮ ನಿಮ್ಹಾನ್ಸೇ ನೋಡಲ್ ಸೆಂಟರ್. ದುಡ್ಡಿಲ್ಲ, 24 ಗಂಟೆ, ಕನ್ನಡ ಇದೆ. ಫೋನ್ ಮಾಡಿದ್ರೆ ಭಾಷೆ ಆರಿಸ್ಕೋಬೇಕು, ಮೊದಲು ಟ್ರೈನಿಂಗ್ ಆದ ಕೌನ್ಸೆಲರ್ ಮಾತಾಡ್ತಾರೆ, ಜಾಸ್ತಿ ಬೇಕು ಅನ್ನಿಸಿದ್ರೆ ಸೈಕಿಯಾಟ್ರಿಸ್ಟ್‌ಗೋ ನಿಮ್ಮ ಜಿಲ್ಲೆಯ ಆಸ್ಪತ್ರೆಗೋ ಕಳಿಸ್ತಾರೆ. ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗ್ದೇ ಇರೋರು ಇಲ್ಲಿಂದಲೇ ಶುರು ಮಾಡಿ.

ನಿಮ್ಹಾನ್ಸ್ ಅಂದ್ರೆ ಇನ್ನೂ ಹುಚ್ಚಾಸ್ಪತ್ರೆ ಅಂತ ಹೇಳೋರು ಇದಾರೆ, ನಮ್ಮಮ್ಮನೇ ಹೇಳ್ತಿದ್ರು. ಹೊಸೂರು ರೋಡಲ್ಲಿರೋ ಓಪಿಡಿಗೆ, ಅಂದ್ರೆ ಅಡ್ಮಿಟ್ ಆಗ್ದೆ ತೋರಿಸ್ಕೊಂಡು ಹೋಗೋ ವಿಭಾಗಕ್ಕೆ, ದಿನಾ ಬರೋರಲ್ಲಿ ತಲೆನೋವು, ಫಿಟ್ಸ್, ನಿದ್ದೆ ಬರಲ್ಲ ಅಂತ ಬರೋರು ಎಷ್ಟೋ ಜನ. ಹೋಗೋದಾದ್ರೆ ಬೆಳಿಗ್ಗೆ ಬೇಗ ಹೋಗಿ, ಇಡೀ ದಿನ ಬಿಡುವು ಮಾಡ್ಕೊಳ್ಳಿ, ಕ್ಯೂ ಉದ್ದ ಇರತ್ತೆ. ಬಿಟಿಎಂ ಲೇಔಟಲ್ಲಿ ಇವರದ್ದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಅಂತ ಬೇರೆ ಜಾಗ ಇದೆ, ಆಸ್ಪತ್ರೆ ವಾತಾವರಣಕ್ಕೆ ಹೆದರೋರಿಗೆ ಅದು ಚೆನ್ನಾಗಿರತ್ತೆ. ಉತ್ತರ ಕರ್ನಾಟಕದೋರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಬೇರೆ ಊರಲ್ಲಿ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ. ಮನೋಚೈತನ್ಯ ಅನ್ನೋ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆ ಹತ್ರನೋ ಆಸ್ಪತ್ರೇಲೋ ಕೇಳಿ.

ಗಾರ್ಮೆಂಟ್ಸ್, ಫ್ಯಾಕ್ಟರಿ, ಸಣ್ಣ ಕಂಪನಿಲಿ ಇದ್ದು ಸಂಬಳ 21,000ದ ಒಳಗಿದ್ರೆ ಸಾಮಾನ್ಯವಾಗಿ ನಿಮಗೆ ಕಾರ್ಮಿಕರ ವಿಮೆ ಅಂದ್ರೆ ಇಎಸ್‌ಐ ಕಾರ್ಡ್ ಇರತ್ತೆ. ಜ್ವರಕ್ಕೆ ಮಾತ್ರ ಅಲ್ಲಿಗೆ ಹೋಗೋದು ಅನ್ಕೊಂಡಿರ್ತಾರೆ ಜನ, ರಾಜಾಜಿನಗರದಂಥ ದೊಡ್ಡ ಇಎಸ್‌ಐ ಆಸ್ಪತ್ರೇಲಿ ಸೈಕಿಯಾಟ್ರಿ ವಿಭಾಗ ಇದೆ, ನಿಮ್ಮ ಸಂಬಳದಲ್ಲಿ ಪ್ರತಿ ತಿಂಗಳು ಹಿಡಿಯೋ ದುಡ್ಡು ಅದು, ಬಳಸ್ಕೊಳ್ಳಿ!

ದೊಡ್ಡ ಕಂಪನಿಗಳಲ್ಲಿ ಇಎಪಿ ಅಂತ ಇರತ್ತೆ, ಎಂಪ್ಲಾಯಿ ಅಸಿಸ್ಟೆನ್ಸ್ ಪ್ರೋಗ್ರಾಂ. ಹೊರಗಿನ ಸಂಸ್ಥೆ ಜೊತೆ ಕಾಂಟ್ರಾಕ್ಟ್ ಮಾಡ್ಕೊಂಡಿರ್ತಾರೆ, ಕೆಲವು ಸೆಷನ್ ಫ್ರೀ ಇರತ್ತೆ. ಎಚ್‌ಆರ್‌ಗೆ ಗೊತ್ತಾಗತ್ತೇನೋ ಅನ್ನೋ ಭಯ ಎಲ್ರಿಗೂ ಇರೋದೇ. ಸಾಮಾನ್ಯವಾಗಿ ಎಷ್ಟು ಜನ ಬಳಸಿದ್ರು ಅನ್ನೋ ಲೆಕ್ಕ ಮಾತ್ರ ಕಂಪನಿಗೆ ಹೋಗೋದು, ಹೆಸರು ಹೋಗಲ್ಲ. ಆದ್ರೂ ಮೊದಲ ಫೋನಲ್ಲೇ ನನ್ನ ಹೆಸರು ಕಂಪನಿಗೆ ಹೋಗತ್ತಾ, ರೆಕಾರ್ಡ್ ಎಲ್ಲಿಡ್ತೀರಾ ಅಂತ ಕೇಳಿ, ಉತ್ತರ ಮೇಲಲ್ಲಿ ಕಳಿಸಿ ಅನ್ನಿ, ನಿಮ್ಮ ಪರ್ಸನಲ್ ಮೇಲ್ ಐಡಿ ಕೊಡಿ. ಕಂಪನಿಯ ಎಚ್‌ಆರ್ ಒಳಗೇ ಕೂತಿರೋ ಕೌನ್ಸೆಲರ್ ಆದ್ರೆ ನಾನು ಸ್ವಲ್ಪ ಯೋಚ್ನೆ ಮಾಡ್ತೀನಿ.

ಪ್ರೈವೇಟಲ್ಲಿ ಬೆಂಗಳೂರಲ್ಲಿ ಒಂದು ಸೆಷನ್‌ಗೆ ನಾನು ವಿಚಾರಿಸಿದಾಗ ಸಾವಿರದಿಂದ ಎರಡೂವರೆ ಸಾವಿರದ ತನಕ ಹೇಳಿದ್ರು. ಕೆಲವರು ಆದಾಯ ನೋಡಿ ಕಮ್ಮಿ ಮಾಡ್ತಾರೆ, ಬಾಯಿ ಬಿಟ್ಟು ಕೇಳ್ಬೇಕು ಅಷ್ಟೆ. ನಾನು ಕೇಳಿದ್ದಕ್ಕೆ ಎಂಟುನೂರಕ್ಕೆ ಒಪ್ಪಿದ್ರು.

ಕನ್ನಡ ಬರೋರನ್ನೇ ಹುಡುಕಿ, ಇದು ನನ್ನ ಕಳಕಳಿಯ ಮಾತು

ನಾನು ಮೊದಲು ಹೋಗಿದ್ದು ಇಂಗ್ಲಿಷಲ್ಲಿ ಮಾತಾಡೋ ಕೌನ್ಸೆಲರ್ ಹತ್ರ. ತುಂಬಾ ಒಳ್ಳೇ ಹುಡುಗಿ, ಗಮನ ಕೊಟ್ಟು ಕೇಳ್ತಿದ್ರು. ನಾನು ಸ್ಟ್ರೆಸ್ ಅಂದೆ, ಆಂಕ್ಸೈಟಿ ಅಂದೆ, ಅದಾದ ಮೇಲೆ ನನ್ನ ಹತ್ರ ಪದನೇ ಖಾಲಿ. ಆಫೀಸ್ ಮೇಲ್ ಬರೆದ ಹಾಗೆ ಇತ್ತು ನನ್ನ ಮಾತು. ಎರಡು ಸೆಷನ್ ಆದ ಮೇಲೆ ನಾನೇ ಹೇಳಿದೆ, ಅವರೇ ಕನ್ನಡದವರೊಬ್ಬರ ನಂಬರ್ ಕೊಟ್ರು, ಬೇಜಾರೇನೂ ಮಾಡ್ಕೊಳ್ಳಲಿಲ್ಲ.

ಎರಡನೇ ಮೇಡಂ ಹತ್ರ ಕೂತು, ಮೀಟಿಂಗ್ ರೂಮ್ ಬಾಗಿಲು ಕಂಡ್ರೆ ಎದೆ ಧಸಕ್ ಅನ್ನತ್ತೆ ಮೇಡಂ ಅಂದೆ. ಅವರು ಧಸಕ್ ಅಂದಮೇಲೆ ಎಲ್ಲಿಗೆ ಹೋಗತ್ತೆ ಅದು ಅಂದ್ರು. ಗಂಟಲಿಗೆ ಬರತ್ತೆ, ಅನ್ನ ಸಿಕ್ಕಾಕ್ಕೊಂಡ ಹಾಗಾಗತ್ತೆ ಅಂದೆ. ಇದೇ ಥರ ಗಂಟಲು ಕಟ್ಟಿದ್ದು ಮೊದಲು ಯಾವಾಗ ಅಂದ್ರು. ನಾಲ್ಕನೇ ಕ್ಲಾಸಲ್ಲಿ ಮಗ್ಗಿ ತಪ್ಪು ಹೇಳಿದ್ದಕ್ಕೆ ಮೇಷ್ಟ್ರು ಇಡೀ ಕ್ಲಾಸ್ ಮುಂದೆ ಬೆಂಚ್ ಮೇಲೆ ನಿಲ್ಲಿಸಿದ್ದು ನೆನಪಾಯ್ತು, ಇಪ್ಪತ್ತೈದು ವರ್ಷದಿಂದ ಅದು ನನ್ನ ತಲೇಗೇ ಬಂದಿರ್ಲಿಲ್ಲ, ಅಲ್ಲೇ ಅತ್ತುಬಿಟ್ಟೆ. ಧಸಕ್ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನು ಹೇಳ್ತಿದ್ದೆ ನಾನು? ನಿಮ್ಮ ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ಆಗಿದ್ರೆ ಅದರಲ್ಲಿ ಮಾತಾಡೋರನ್ನ ಕೇಳಿ, ಸಿಗೋದು ಸ್ವಲ್ಪ ಕಷ್ಟ ಆದ್ರೂ ಕೇಳಿ.

ಫೋನಲ್ಲಿ ಏನು ಹೇಳೋದು

ನಾನು ಮೂರು ದಿನ ನಂಬರ್ ಇಟ್ಕೊಂಡು ಕೂತಿದ್ದೆ, ಏನಂತ ಶುರು ಮಾಡೋದು ಗೊತ್ತಿರ್ಲಿಲ್ಲ. ಹೀಗೆ ಹೇಳಿ ಸಾಕು: "ನಮಸ್ಕಾರ, ನನಗೆ ಕೆಲಸದ ಜಾಗದಲ್ಲಿ ತೊಂದರೆ ಆಗ್ತಿದೆ, ನಿದ್ದೆ ಊಟ ಸರಿ ಇಲ್ಲ, ಕನ್ನಡದಲ್ಲಿ ಮಾತಾಡೋ ಕೌನ್ಸೆಲರ್ ಬೇಕು, ಆಫೀಸ್ ಟೈಮ್ ಬಿಟ್ಟು ಯಾವ ಸ್ಲಾಟ್ ಇದೆ?" ಪೂರ್ತಿ ಕಥೆ ರಿಸೆಪ್ಷನ್‌ನೋರಿಗೆ ಹೇಳೋ ಅವಶ್ಯಕತೆ ಇಲ್ಲ.

ಮೊದಲನೇ ಸೆಷನ್

45 ನಿಮಿಷದಿಂದ ಒಂದು ಗಂಟೆ. ಒಂದು ಫಾರಂ ಕೊಡ್ತಾರೆ, ಅದರಲ್ಲಿ ಗೋಪ್ಯತೆ ಬಗ್ಗೆ ಬರೆದಿರತ್ತೆ, ಅದನ್ನ ಓದಿ ಸೈನ್ ಮಾಡಿ. ನೀವು ಹೇಳಿದ್ದು ಹೊರಗೆ ಹೋಗಲ್ಲ, ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ರೆ ಅಥವಾ ಕೋರ್ಟ್ ಕೇಳಿದ್ರೆ ಮಾತ್ರ ಬೇರೆ. ಪಿಎಚ್‌ಕ್ಯೂ-9 ಅಂತ ಡಿಪ್ರೆಷನ್ ಬಗ್ಗೆ ಒಂಬತ್ತು ಪ್ರಶ್ನೆ, ಜಿಎಡಿ-7 ಅಂತ ಆತಂಕದ ಬಗ್ಗೆ ಏಳು ಪ್ರಶ್ನೆ ಇರೋ ಹಾಳೆ ಕೊಡಬಹುದು, ಹಿಂದಿನ ಎರಡು ವಾರ ಹೇಗಿತ್ತು ಅಂತ ಟಿಕ್ ಹಾಕೋದು. ಅದು ಪರೀಕ್ಷೆ ಅಲ್ಲ, ಇದ್ದಿದ್ದು ಇದ್ದ ಹಾಗೆ ಹಾಕಿ.

ಆ ನೋಟ್‌ಬುಕ್ ತಗೊಂಡು ಹೋಗಿ. ತಗೊಳ್ತಿರೋ ಮಾತ್ರೆಗಳ ಹೆಸರು, ಥೈರಾಯ್ಡ್ ಶುಗರ್ ರಿಪೋರ್ಟ್ ಇದ್ರೆ ಅದೂ. ಸುಸ್ತಿಗೆ ದೇಹದ ಕಾರಣನೂ ಇರಬಹುದಲ್ವಾ, ನನಗೆ ಬಿ12 ಬಹಳ ಕಮ್ಮಿ ಇತ್ತು, ಅದಕ್ಕೆ ಬೇರೆ ಟ್ರೀಟ್‌ಮೆಂಟ್ ಆಯ್ತು.

ಮೊದಲ ದಿನವೇ ಹಗುರ ಆಗ್ಬೇಕು ಅಂತಿಲ್ಲ. ನನಗೆ ಆವತ್ತು ಮನೆಗೆ ಬಂದು ಇನ್ನೂ ಜಾಸ್ತಿ ದಣಿವಾಗಿ ಎಂಟು ಗಂಟೆಗೇ ಮಲಗಿಬಿಟ್ಟೆ. ಮೂರು ಸೆಷನ್ ಆದ್ರೂ ಇವರು ನನ್ನ ಮಾತು ಕೇಳ್ತಿಲ್ಲ, ಬರೀ ಪಾಸಿಟಿವ್ ಆಗಿ ಯೋಚ್ನೆ ಮಾಡಿ ಅಂತಿದಾರೆ ಅನ್ನಿಸಿದ್ರೆ ಬದಲಾಯಿಸಿ.

ಆಮೇಲೆ ಏನು ನಡೆಯತ್ತೆ

ಬರೀ ಮಾತು ಕೇಳ್ಕೊಂಡು ಕೂರೋದು ಅನ್ಕೊಂಡಿದ್ದೆ. ಇಲ್ಲ, ಕೆಲಸ ಕೊಡ್ತಾರೆ. "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅಂತ ನಾನು ಹೇಳಿದ್ದನ್ನ ಮೇಡಂ ಹಾಳೆ ಮೇಲೆ ಬರೆಸಿ, ಇದಕ್ಕೆ ಸಾಕ್ಷಿ ಏನು, ವಿರುದ್ಧ ಸಾಕ್ಷಿ ಏನು ಅಂತ ಎರಡು ಕಾಲಂ ಹಾಕಿಸಿದ್ರು, ಟ್ಯಾಲಿಲಿ ಡೆಬಿಟ್ ಕ್ರೆಡಿಟ್ ಹಾಕಿದ ಹಾಗೆ. ಏಳು ವರ್ಷದಲ್ಲಿ ಒಂದೇ ಒಂದು ರಿಟರ್ನ್ ಲೇಟ್ ಆಗಿಲ್ಲ ಅಂತ ನನ್ನ ಕೈಯಲ್ಲೇ ಬರೆದಾಗ ಅದನ್ನ ಅಲ್ಲಗಳೆಯೋಕೆ ನನಗೇ ಆಗ್ಲಿಲ್ಲ. ಸಿಬಿಟಿ ಅಂತಾರೆ ಇದಕ್ಕೆ, ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದ್ರೆ ಯೋಚ್ನೆ ಮಾಡೋ ರೀತಿನ ಪರೀಕ್ಷಿಸಿ ಬದಲಾಯಿಸೋ ಥೆರಪಿ.

ಇನ್ನೊಂದು, ಮಾತಾಡೋ ರಿಹರ್ಸಲ್. ಮ್ಯಾನೇಜರ್‌ಗೆ ಏನು ಹೇಳ್ಬೇಕು ಅಂತಿದೀರಾ ಅಂದ್ರು, ನಾನು ಅರ್ಧ ಗಂಟೆ ಹೇಳಿದೆ. ಅದನ್ನ ಒಂದು ವಾಕ್ಯಕ್ಕೆ ಇಳಿಸಿದ್ವಿ. "ಸರ್, ನನ್ನ ಕೆಲಸದಲ್ಲಿ ತಪ್ಪಿದ್ರೆ ಕ್ಯಾಬಿನ್‌ಗೆ ಕರೆದು ಹೇಳಿ, ಅವತ್ತೇ ಸರಿ ಮಾಡ್ತೀನಿ, ಎಲ್ರ ಮುಂದೆ ಬೇಡ." ಮೇಡಂ ಮ್ಯಾನೇಜರ್ ಆಗಿ ಕೂತ್ರು, ನಾನು ಎದ್ದು ನಿಂತು ಹೇಳಿದೆ, ಮೊದಲ ಸಲ ಸರ್ ಅನ್ನೋದ್ರೊಳಗೇ ದನಿ ನಡುಗಿತು, ಆರೋ ಏಳೋ ಸಲ ಹೇಳಿಸಿದ್ರು, ಕೊನೇಲಿ ಅವರು ಬೇಕಂತಲೇ ಜೋರು ಮಾಡಿದಾಗಲೂ ನಾನು ವಾಕ್ಯ ಪೂರ್ತಿ ಮಾಡಿದೆ. ಮುಂದಿನ ಬುಧವಾರ ಆಫೀಸಲ್ಲಿ ಹೇಳಿದೆ. ಅವರು ಏನೂ ಮಾತಾಡ್ಲಿಲ್ಲ, ಸರಿ ಅಂದ್ರು ಅಷ್ಟೆ. ಒಂದು ತಿಂಗಳು ಚೆನ್ನಾಗಿತ್ತು, ಆಮೇಲೆ ಮತ್ತೆ ಶುರು ಮಾಡಿದ್ರು, ಅದನ್ನೂ ಹೇಳ್ಬೇಕು. ನಾನು ಆರು ತಿಂಗಳ ಖರ್ಚಿನ ದುಡ್ಡು ಕೂಡಿಸಿ, ಬೇರೆ ಕಡೆ ಆಫರ್ ಲೆಟರ್ ಕೈಗೆ ಬಂದಮೇಲೆ ಬಿಟ್ಟೆ. ಅವತ್ತು ರಿಸೈನ್ ಟೈಪ್ ಮಾಡುವಾಗ ಕೈ ನಡುಗ್ಲಿಲ್ಲ.

ಮಾತ್ರೆ ಬೇಕು ಅಂತ ಸೈಕಿಯಾಟ್ರಿಸ್ಟ್ ಹೇಳಿದ್ರೆ ಗಾಬರಿ ಬೇಡ. ಡಿಪ್ರೆಷನ್ ಮಾತ್ರೆಗಳು ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರನಾದ್ರೂ ಬೇಕು, ನಾಲ್ಕು ದಿನಕ್ಕೆ ಏನೂ ಆಗ್ಲಿಲ್ಲ ಅಂತ ಬಿಡ್ಬೇಡಿ, ಹುಷಾರಾಯ್ತು ಅಂತ ನೀವೇ ದಿಢೀರ್ ಅಂತ ನಿಲ್ಲಿಸ್ಲೂ ಬೇಡಿ.

ಕೌನ್ಸೆಲರ್ ಕೈಲಿ ಆಗದೇ ಇರೋದು

ಆಫೀಸಲ್ಲಿ ನಡೀತಿರೋದು ಕಾನೂನಿಗೇ ವಿರುದ್ಧ ಆಗಿದ್ರೆ, ನೀವು ಉಸಿರಾಟದ ವ್ಯಾಯಾಮ ಮಾಡ್ಕೊಂಡು ಸಹಿಸ್ಕೋಬೇಕಾಗಿಲ್ಲ. ಕೌನ್ಸೆಲರ್ ನಿಮಗೆ ಹೋರಾಡೋಕೆ ಶಕ್ತಿ ಕೊಡಬಹುದು, ದೂರು ಬೇರೆ ಕಡೆನೇ ಕೊಡ್ಬೇಕು.

ಹೆಣ್ಮಕ್ಕಳಿಗೆ ಲೈಂಗಿಕ ಕಿರುಕುಳ ಆಗಿದ್ರೆ 2013ರ ಪಾಶ್ ಕಾಯ್ದೆ ಇದೆ. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಲೇಬೇಕು, ಕಮ್ಮಿ ಇದ್ರೆ ಅಥವಾ ಮಾಲೀಕನ ಮೇಲೇ ದೂರಿದ್ರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡ್ಬೇಕು. ಕೊನೆಯ ಘಟನೆ ಆಗಿ 3 ತಿಂಗಳೊಳಗೆ ಬರವಣಿಗೆಯಲ್ಲಿ ಕೊಡ್ಬೇಕು, ಕಾರಣ ಇದ್ರೆ ಇನ್ನೂ 3 ತಿಂಗಳು ಸಮಿತಿ ವಿಸ್ತರಿಸಬಹುದು. ಈ ತಾರೀಖು ತುಂಬಾ ಮುಖ್ಯ. ಕೌನ್ಸೆಲಿಂಗ್ ಮುಗಿದ ಮೇಲೆ ಕೊಡೋಣ ಅಂತ ಕಾಯ್ಬೇಡಿ, ಎರಡೂ ಜೊತೇಲೇ ನಡೀಲಿ. ವಿಚಾರಣೆ ನಡೆಯುವಾಗ ವರ್ಗಾವಣೆಗೋ 3 ತಿಂಗಳ ತನಕ ರಜೆಗೋ ನೀವು ಬರೆದು ಕೇಳಬಹುದು.

ಸಂಬಳ ಕೊಡ್ತಿಲ್ಲ, ಬಲವಂತವಾಗಿ ರಿಸೈನ್ ಬರೆಸ್ಕೊಳ್ತಿದಾರೆ ಅಂದ್ರೆ ಕಾರ್ಮಿಕ ಇಲಾಖೆ. ಐಟಿಯವರಿಗೆ 2017ರಲ್ಲಿ ಶುರುವಾದ ಕೆಐಟಿಯು ಯೂನಿಯನ್ ಇದೆ, ಗಾರ್ಮೆಂಟ್ಸ್‌ನೋರಿಗೂ ಯೂನಿಯನ್‌ಗಳಿವೆ. ಒತ್ತಡದಲ್ಲಿ ಯಾವ ಪೇಪರ್‌ಗೂ ಅಲ್ಲೇ ಸೈನ್ ಹಾಕ್ಬೇಡಿ, ಮನೆಗೆ ತಗೊಂಡು ಹೋಗಿ ಓದ್ತೀನಿ ಅನ್ನಿ. ಆ ಮಾತನ್ನೂ ಸೆಷನ್‌ನಲ್ಲಿ ರಿಹರ್ಸಲ್ ಮಾಡ್ಕೋಬಹುದು.

ರಜೆ ಮತ್ತೆ ದುಡ್ಡು

ಮೆಡಿಕಲ್ ಸರ್ಟಿಫಿಕೇಟ್ ಬೇಕಾದ್ರೆ ಸೈಕಿಯಾಟ್ರಿಸ್ಟ್ ಅಥವಾ ಬೇರೆ ಡಾಕ್ಟರ್ ಕೊಡ್ಬೇಕು. ಕಾಯಿಲೆ ಹೆಸರು ಬೇಡ, ವಿಶ್ರಾಂತಿ ಬೇಕು ಅಂತಷ್ಟೇ ಬರೆಯೋಕೆ ಸಾಧ್ಯನಾ ಅಂತ ಕೇಳ್ಕೊಳ್ಳಿ. ಇಎಸ್‌ಐ ಇದ್ರೆ, ಕಾಂಟ್ರಿಬ್ಯೂಷನ್ ಸರಿಯಾಗಿ ಕಟ್ಟಿದ್ರೆ, ವರ್ಷಕ್ಕೆ 91 ದಿನದ ತನಕ ಸಂಬಳದ 70% ಸಿಕ್ನೆಸ್ ಬೆನಿಫಿಟ್ ಸಿಗತ್ತೆ, ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಇನ್ಶೂರೆನ್ಸ್ ಕಂಪನಿಗಳು ದೇಹದ ಕಾಯಿಲೆಗೆ ಕೊಡೋ ಹಾಗೇ ಮಾನಸಿಕ ಕಾಯಿಲೆಗೂ ಕವರ್ ಕೊಡ್ಬೇಕು ಅಂತ 2017ರ ಕಾಯ್ದೆಯಲ್ಲಿದೆ, ಆದ್ರೆ ಎಷ್ಟೋ ಪಾಲಿಸಿ ಅಡ್ಮಿಟ್ ಆದ್ರೆ ಮಾತ್ರ ಕೊಡತ್ತೆ, ಕೌನ್ಸೆಲಿಂಗ್ ಫೀಸ್ ಓಪಿಡಿ ಲೆಕ್ಕಕ್ಕೆ ಬರತ್ತೆ, ನಿಮ್ಮ ಪಾಲಿಸಿ ತೆಗೆದು ಓಪಿಡಿ ಇದೆಯಾ ನೋಡಿ.

ಮನೇಲಿ ಹೇಳೋದಾ ಬೇಡ್ವಾ

ನಿಮ್ಮಿಷ್ಟ. ನಾನು ಗಂಡನಿಗೆ ಮೊದಲನೇ ದಿನನೇ ಹೇಳಿದೆ, ಶನಿವಾರ ಹನ್ನೊಂದು ಗಂಟೆಗೆ ಮಗಳನ್ನ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಿತ್ತು. ಅಮ್ಮನಿಗೆ ಎರಡು ತಿಂಗಳಾದ ಮೇಲೆ ಹೇಳಿದೆ. ಅವರು ಮೊದಲು ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ರು, ಆಮೇಲೆ ಪಕ್ಕದಲ್ಲಿ ಕೂತು, ನಿಮ್ಮಪ್ಪನ ಮಿಲ್ ಮುಚ್ಚಿದಾಗ ಅವರಿಗೂ ಹೀಗೇ ಆಗಿತ್ತು ಕಣೇ, ಯಾರನ್ನ ಕೇಳ್ಬೇಕು ಅಂತ ನಮಗೆ ಗೊತ್ತಿರ್ಲಿಲ್ಲ ಅಂದ್ರು. ಅಪ್ಪ ಆಗ ವರಾಂಡದಲ್ಲಿ ಗೋಡೆ ಕಡೆ ತಿರುಗಿ ಮಲಗ್ತಿದ್ದಿದ್ದು ನನಗೆ ನೆನಪಿದೆ.

ಯಾವಾಗ ನಿಲ್ಲಿಸೋದು

ಇದನ್ನ ಕೌನ್ಸೆಲರ್ ಜೊತೆ ಕೂತು ನಿರ್ಧಾರ ಮಾಡಿ, ಸುಮ್ನೆ ಹೋಗೋದು ಬಿಟ್ಬಿಡ್ಬೇಡಿ. ನಾನು ವಾರಕ್ಕೊಂದರ ಹಾಗೆ ಎಂಟು ಸೆಷನ್, ಆಮೇಲೆ ಹದಿನೈದು ದಿನಕ್ಕೊಂದು, ಆಮೇಲೆ ತಿಂಗಳಿಗೊಂದು ಹೋದೆ. ಕೊನೇ ದಿನ ಮೇಡಂ, ನಿಮ್ಮ ಫೈಲ್ ಇಲ್ಲೇ ಇರತ್ತೆ, ಯಾವಾಗ ಬೇಕಾದ್ರೂ ಫೋನ್ ಮಾಡಿ ಅಂದ್ರು. ಹೋದ ಮಾರ್ಚಲ್ಲಿ ಇಯರ್ ಎಂಡಿಂಗ್ ಗಲಾಟೆ ಮಧ್ಯೆ ಭಾನುವಾರ ಸಂಜೆ ಮತ್ತೆ ಹೊಟ್ಟೆ ತೊಳಸೋಕೆ ಶುರುವಾಯ್ತು, ಸೋಮವಾರ ಮಧ್ಯಾಹ್ನ ಊಟದ ಟೈಮಲ್ಲಿ ಫೋನ್ ಮಾಡಿದೆ, ಇಪ್ಪತ್ತು ನಿಮಿಷ ಮಾತಾಡಿದ್ವಿ, ಆಮೇಲೆ ಡಬ್ಬಿ ತೆಗೆದು ಊಟ ಮಾಡಿದೆ.